6 ವರ್ಷ ನಿಂತಿದ್ದ ಎಂಟಿಬಿಗೆ (ಮೌಂಟೇನ್ ಬೈಕ್, ಅಂದ್ರೆ ಗುಡ್ಡ-ಕಾಡಲ್ಲಿ ಓಡಿಸೋ ಸೈಕಲ್) ಫುಲ್ ಸರ್ವಿಸ್ ಮಾಡಿಸ್ದೆ, ಅನುಭವ ಹೀಗಿತ್ತು

ಇಷ್ಟು ವರ್ಷ ಆದ್ಮೇಲೆ ಮತ್ತೆ ಬೆಂಗಳೂರಿನ ತುರಹಳ್ಳಿ ಕಾಡಿನ ಟ್ರೇಲ್‌ಗೆ ಹೋಗ್ಬೇಕು ಅಂತ ಮನಸಾಯ್ತು, ಆದ್ರೆ ಸೈಕಲ್ಲು ಬಾಲ್ಕನೀಲಿ ನಿಂತೂ ನಿಂತೂ ಸೊರಗಿ ಹೋಗಿತ್ತು, ಮನೆ ಹತ್ರದ ಒಂದು ಸಣ್ಣ ಅಂಗಡೀಲಿ ಸರ್ವಿಸ್‌ಗೆ ಕೊಟ್ಟೆ. ಮೆಕ್ಯಾನಿಕ್ ಹುಡುಗ ಮೊದ್ಲು ಟೈರ್ ಬಿಚ್ಚಿದ, ಟ್ಯೂಬ್‌ಲೆಸ್ ಸೀಲಂಟ್ (ಟ್ಯೂಬ್ ಇಲ್ದಿರೋ ಟೈರೊಳಗೆ ತೂತು ಮುಚ್ಚೋಕೆ ಹಾಕೋ ದ್ರವ) ಪೂರ್ತಿ ಒಣಗಿ ಹಾಲಿನ ಕೆನೆ ತರ ಒಳಗಡೆ ಅಂಟ್ಕೊಂಡಿತ್ತು, ಅದನ್ನ ಉಗುರಲ್ಲಿ ಎಬ್ಬಿಸಿ ತೋರಿಸಿ, ಇದು ಕೆಲವೇ ತಿಂಗಳಲ್ಲಿ ಒಣಗತ್ತೆ, ಆಗಾಗ ಚೆಕ್ ಮಾಡ್ತಿರಿ ಸಾರ್ ಅಂದ. ಇಷ್ಟು ತಾಳ್ಮೆಯಿಂದ ಹೇಳಿಕೊಡೋರು ಸಿಗೋದು ಕಷ್ಟ ಕಣ್ರೀ. ಬ್ರೇಕ್‌ಗೆ ಹೊಸ ಮಿನರಲ್ ಆಯಿಲ್ ಹಾಕಿ ಬ್ಲೀಡ್ ಮಾಡಿದ್ದಾನೆ (ಒಳಗಿನ ಗಾಳಿ ಗುಳ್ಳೆ ತೆಗೆಯೋದು), ಈಗ ಒಂದೇ ಬೆರಳಲ್ಲಿ ಹಿಡಿದ್ರೂ ಗಪ್ ಅಂತ ನಿಲ್ಲತ್ತೆ. ಫೋರ್ಕ್ (ಮುಂದಿನ ಸಸ್ಪೆನ್ಷನ್) ಸೀಲು, ಚೈನು ಎರಡೂ ಹೊಸದು.

ಬೇಜಾರಾಗಿದ್ದು ಅಂದ್ರೆ 2 ದಿನ ಅಂದಿದ್ದು 9 ದಿನ ಆಯ್ತು, ಫೋನ್ ಮಾಡಿದ್ರೆ ಎತ್ತಲ್ಲ, ಅದು ಮಾತ್ರ ಸರಿಯಲ್ಲ.

ಭಾನುವಾರ ಬೆಳಗ್ಗೆ ಬಂಡೆ ಮೇಲಿಂದ ಇಳೀವಾಗ ಎದೆ ಢವಢವ ಅಂತಿತ್ತು, ಮುಂದಿನ ಟೈರಲ್ಲಿ ಗಾಳಿ ಒತ್ತಡ ಕಮ್ಮೀನೇ, 24 ಪಿಎಸ್‌ಐ ಇಟ್ಟಿದ್ದೆ, ಎಲ್ಲೂ ಜಾರದೆ ಕಲ್ಲನ್ನ ತಬ್ಕೊಂಡು ಇಳೀತು, ಕೆಳಗೆ ಬಂದು ನಿಂತಾಗ ಕಣ್ಣಲ್ಲಿ ನೀರು ಬಂತು. ಕಾಯೋ ಟೈಮ್ ಇದ್ರೆ ಇಂಥ ಅಂಗಡೀಗೇ ಕೊಡಿ.