ಬಯಲಾಟದ ವಿಡಿಯೊ ಮಾಡಿಸುವವರೇ, ಕಾರ್ಡ್ ಅಳಿಸುವ ಮೊದಲು ಕ್ಲಿಪ್‌ಗಳನ್ನು ಎಣಿಸಿ

ಯಕ್ಷಗಾನ ಬಯಲಾಟ, ಬ್ರಹ್ಮಕಲಶ, ಕೋಲ ಯಾವುದೇ ಇರಲಿ, ಮೂರು ನಾಲ್ಕು ಕ್ಯಾಮೆರಾ ಇಟ್ಟು ರಾತ್ರಿಯಿಡೀ ಚಿತ್ರೀಕರಿಸುವುದು ನಮ್ಮ ಕಾಸರಗೋಡಿನಲ್ಲಿ ಈಗ ಮಾಮೂಲು. ಸ್ಟುಡಿಯೊದವರ ಬಳಿ ಸಮಿತಿಯವರು ಕೇಳುವುದು ಎರಡೇ ಪ್ರಶ್ನೆ: ದರ ಎಷ್ಟು, ಡ್ರೋನ್ ಇದೆಯೇ? ತೆಗೆದ ಕ್ಲಿಪ್‌ಗಳನ್ನು ಹೇಗೆ ಜೋಡಿಸಿಡುತ್ತೀರಿ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಅದನ್ನೇ ಮೊದಲು ಕೇಳಬೇಕು ಎನ್ನುವುದಕ್ಕೆ ಬದಿಯಡ್ಕ ಸಮೀಪದ ನಮ್ಮ ಊರಿನ ಹರಕೆ ಬಯಲಾಟಕ್ಕೆ ಆದ ಗತಿ ಸಾಕ್ಷಿ. ಸ್ಟುಡಿಯೊದ ಹೆಸರು ಬರೆಯುವುದಿಲ್ಲ. ನೀವು ಯಾರಿಗೆ ಕೆಲಸ ಒಪ್ಪಿಸಿದರೂ ಇದು ಆಗಬಹುದು.

ಅಂದು ಸ್ಟುಡಿಯೊದವರು ತಂದದ್ದು ಒಂದೇ ಮಾದರಿಯ ಮೂರು ಕ್ಯಾಮೆರಾ. ರಂಗಸ್ಥಳದ ಎದುರು ಒಂದು, ಭಾಗವತರ ಕಡೆಯಿಂದ ಒಂದು, ವೇಷ ಕಟ್ಟುವ ಚೌಕಿಗೂ ಸಭೆಗೂ ಓಡಾಡಲು ಇನ್ನೊಂದು. 4ಕೆ ಚಿತ್ರೀಕರಣ, ಸೆಕೆಂಡಿಗೆ 100 ಮೆಗಾಬಿಟ್. ಈ ಲೆಕ್ಕದಲ್ಲಿ ಒಂದು ಕ್ಯಾಮೆರಾ ಗಂಟೆಗೆ ಸುಮಾರು 45 ಜಿಬಿ ತಿನ್ನುತ್ತದೆ. 128 ಜಿಬಿಯ ಕಾರ್ಡ್ ಮೂರು ಗಂಟೆ ತುಂಬುವುದರೊಳಗೆ ಭರ್ತಿ. ಮೂರೂ ಕ್ಯಾಮೆರಾಗಳು ಎಂಟು ಗಂಟೆ ಓಡಿದರೆ ಒಂದು ಟೆರಾಬೈಟ್ ದಾಟುತ್ತದೆ.

ಮಂಗಳ ಹಾಡಿ ಮುಗಿಯುವ ಹೊತ್ತಿಗೆ ಹುಡುಗರಿಗೆ ಅವಸರ. ಅದೇ ಬೆಳಿಗ್ಗೆ ಅವರಿಗೆ ಉಪ್ಪಳದ ಕಡೆ ಮದುವೆಯ ಮುಹೂರ್ತ ಇತ್ತು, ಅದೇ ಕಾರ್ಡ್‌ಗಳು ಅಲ್ಲಿಗೂ ಬೇಕಿತ್ತು. ಊಟದ ಚಪ್ಪರದಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಕಾರ್ಡಿನೊಳಗಿನ ವಿಡಿಯೊ ಫೈಲುಗಳನ್ನಷ್ಟೇ ಹೆಕ್ಕಿ, ಎಲ್ಲವನ್ನೂ ಹಾರ್ಡ್‌ಡಿಸ್ಕಿನ ಒಂದೇ ಫೋಲ್ಡರಿಗೆ ಸುರಿದರು.

ಅನಾಹುತದ ಬೇರು ಇಲ್ಲಿದೆ. ಈ ಬಗೆಯ ಕ್ಯಾಮೆರಾಗಳು ಕ್ಲಿಪ್‌ಗಳಿಗೆ ಇಡುವ ಹೆಸರು ಸಿ0001, ಸಿ0002 ಎಂದೇ. ಎಣಿಕೆಯನ್ನು ಮುಂದುವರಿಸುವಂತೆ ಹೊಂದಿಸದೆ ಇದ್ದರೆ, ಫಾರ್ಮ್ಯಾಟ್ ಮಾಡಿದ ಪ್ರತಿ ಕಾರ್ಡೂ ಮತ್ತೆ ಒಂದರಿಂದ ಶುರು. ಮೂರು ಕ್ಯಾಮೆರಾ, ಒಂದೊಂದಕ್ಕೆ ಮೂರು ಕಾರ್ಡ್ ಎಂದರೆ ಸಿ0001 ಎಂಬ ಹೆಸರಿನ ಒಂಬತ್ತು ಬೇರೆ ಬೇರೆ ಕ್ಲಿಪ್‌ಗಳು! ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಇರಲು ಸಾಧ್ಯವಿಲ್ಲ. ಹಳೆಯದನ್ನು ತೆಗೆದು ಹೊಸದನ್ನು ಹಾಕಲೇ, ಬಿಟ್ಟುಬಿಡಲೇ, ಎರಡನ್ನೂ ಇಡಲೇ ಎಂದು ವಿಂಡೋಸ್ ಕೇಳುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟವರು ಆ ಪ್ರಶ್ನೆಗೆ ಒಮ್ಮೆ ಒಂದು ಉತ್ತರ, ಇನ್ನೊಮ್ಮೆ ಇನ್ನೊಂದು ಉತ್ತರ ಕೊಟ್ಟಿದ್ದಾರೆ. ಕೆಲವು ಕ್ಲಿಪ್‌ಗಳಿಗೆ ಬಾಲದಲ್ಲಿ (2) ಎಂದು ಸೇರಿಕೊಂಡಿತು. ಕೆಲವು ಇನ್ನೊಂದರ ಕೆಳಗೆ ಸಮಾಧಿಯಾದವು. ಮಧ್ಯಾಹ್ನದೊಳಗೆ ಕಾರ್ಡ್‌ಗಳ ಮೇಲೆ ಮದುವೆಯ ಚಿತ್ರೀಕರಣ ಕುಳಿತಿತ್ತು. ಅಳಿದದ್ದನ್ನು ಮರಳಿ ತೆಗೆಯುವ ಸಾಫ್ಟ್‌ವೇರ್‌ಗೂ ಆಮೇಲೆ ಹೆಚ್ಚೇನೂ ಸಿಗಲಿಲ್ಲ.

ಇದು ನಮಗೆ ಗೊತ್ತಾದದ್ದು ಆಯ್ಕೆಗಾಗಿ ಎಡಿಟರ್ ಪಕ್ಕ ಕುಳಿತಾಗ. ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದೇ ಒಂದು ಬಿನ್, ಅಂದರೆ ಕ್ಲಿಪ್‌ಗಳನ್ನು ಗುಂಪು ಮಾಡಿಡುವ ಫೋಲ್ಡರ್, ಅದರಲ್ಲಿ ಇಡೀ ರಾತ್ರಿ. ಚಿಕ್ಕ ಚಿತ್ರಗಳ ಸಾಲನ್ನು ಉರುಳಿಸುತ್ತ ಹೋದರೆ ಒಂದು ಕಪ್ಪು, ಒಂದು ನೆಲ, ಒಂದು ಯಾರದೋ ಚಪ್ಪಲಿ, ಮತ್ತೆ ಕಪ್ಪು. ಬಿನ್ನಿನಲ್ಲಿ ತಾನಾಗಿ ಕಾಣುವುದು ಪ್ರತಿ ಕ್ಲಿಪ್ಪಿನ ಮೊದಲ ಚೌಕಟ್ಟು. ಓಡಾಡುವ ಕ್ಯಾಮೆರಾದವರು ಗುಂಡಿ ಒತ್ತಿದ ಮೇಲೆ ಕ್ಯಾಮೆರಾ ಎತ್ತುತ್ತಾರೆ. ಚಿತ್ರದ ಮೇಲೆ ಮೌಸ್ ಸರಿಸಿದರೆ ಒಳಗಿನದ್ದು ಓಡಿ ಕಾಣುತ್ತದೆ, ಬೇಕಾದ ಚೌಕಟ್ಟನ್ನು ಮುಖಚಿತ್ರವಾಗಿ ನಿಲ್ಲಿಸಲೂ ಬರುತ್ತದೆ. ಆ ಹುಡುಗ ಅದನ್ನು ಮಾಡದೆ ಒಂದೊಂದನ್ನೇ ತೆರೆದು ನೋಡುತ್ತಿದ್ದ. ದಿನಾಂಕದಂತೆ ಜೋಡಿಸಿ ನೋಡೋಣ ಎಂದರೆ ಅದೂ ಕೈಕೊಟ್ಟಿತು. ವಿಂಡೋಸ್‌ನಲ್ಲಿ ನಕಲು ಮಾಡಿದ ಫೈಲಿಗೆ ‘ರಚನೆಯ ಸಮಯ’ ಎಂದು ಬೀಳುವುದು ನಕಲು ಮಾಡಿದ ಗಳಿಗೆ. ಚಿತ್ರೀಕರಣದ ಹೊತ್ತನ್ನು ಹಿಡಿದಿಟ್ಟುಕೊಳ್ಳುವುದು ‘ಬದಲಾವಣೆಯ ಸಮಯ’. ಅವನು ಮೊದಲನೆಯದನ್ನು ಹಿಡಿದದ್ದರಿಂದ ಪೂರ್ವರಂಗಕ್ಕಿಂತ ಮೊದಲು ಮಂಗಳ ಬಂತು.

ಇಷ್ಟಾಗುವಾಗ ಆ ಹುಡುಗ ಗಲ್ಫಿಗೆ ಹೊರಟ. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಸುದ್ದಿಯಲ್ಲ, ಆದರೆ ಸ್ಟುಡಿಯೊಗೆ ಕೆಲಸ ಒಪ್ಪಿಸುವಾಗ ನೆನಪಿನಲ್ಲಿಡಬೇಕಾದ ಸಂಗತಿ. ಹೊಸಬ ತನ್ನ ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ತೆರೆದ ಕೂಡಲೇ ಪರದೆ ತುಂಬ ಕೆಂಪು ಬಣ್ಣದಲ್ಲಿ ‘ಮೀಡಿಯಾ ಆಫ್‌ಲೈನ್’, ಅಂದರೆ ಫೈಲು ಸಿಗುತ್ತಿಲ್ಲ ಎಂಬ ಸೂಚನೆ. ಬಿನ್ನಿನೊಳಗೆ ನಿಜವಾದ ವಿಡಿಯೊ ಇರುವುದಿಲ್ಲ, ಫೈಲು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಡ್ರೈವ್ ಬದಲಾದರೆ, ಯಾರಾದರೂ ಹೊರಗಿನಿಂದ ಫೈಲಿನ ಹೆಸರು ತಿದ್ದಿದರೆ, ವಿಳಾಸ ತಪ್ಪುತ್ತದೆ. ಹೊಸಬ ಅಷ್ಟರಲ್ಲಿ ಅಚ್ಚುಕಟ್ಟು ಮಾಡುವ ಹುಮ್ಮಸ್ಸಿನಲ್ಲಿ ಫೈಲುಗಳನ್ನು ಬೇರೆ ಬೇರೆ ಫೋಲ್ಡರಿಗೆ ಸರಿಸಿ, (2) ಇದ್ದವುಗಳ ಬಾಲ ಕತ್ತರಿಸಿದ್ದ. ಮರುಜೋಡಣೆಗೆ ಕೊಟ್ಟಾಗ ಸಾಫ್ಟ್‌ವೇರ್ ಹೆಸರು ನೋಡಿ ಒಂದನ್ನು ಹಿಡಿಯಿತು, ಉಳಿದವನ್ನು ಅದರ ಜಾಡಿನಲ್ಲೇ ತಾನಾಗಿ ಜೋಡಿಸಿತು. ಕೆಂಪು ಬಣ್ಣ ಮಾಯವಾಯಿತು, ಹುಡುಗನಿಗೆ ಸಮಾಧಾನವಾಯಿತು.

ಪರದೆಯ ಮೇಲೆ ನಾವು ನೋಡಿದ್ದೇನು? ಮಹಿಷಾಸುರನ ಪ್ರವೇಶಕ್ಕೆ ಚೆಂಡೆ ಏರುತ್ತಿದೆ, ಸಭೆಯ ನಡುವಿನಿಂದ ಕೂಗು ಕೇಳುತ್ತಿದೆ. ಚಿತ್ರದಲ್ಲಿ ಮಾತ್ರ ಚೌಕಿಯ ಕನ್ನಡಿಯ ಮುಂದೆ ಕುಳಿತ ಬಣ್ಣದ ವೇಷಧಾರಿ, ಕಡ್ಡಿಯ ತುದಿಯಿಂದ ಕೆನ್ನೆಗೆ ಒಂದೊಂದೇ ಚುಟ್ಟಿ ಇಟ್ಟುಕೊಳ್ಳುತ್ತಿದ್ದಾರೆ. ಆಗ ಹುಡುಕಾಟ ಶುರುವಾಯಿತು. ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿ ಏಳುವಾಗ ಮಹಿಷನನ್ನು ಹತ್ತಿರದಿಂದ ಹಿಡಿದ ಕ್ಲಿಪ್ ಓಡಾಡುವ ಕ್ಯಾಮೆರಾದ್ದು. ಅದು ಯಾವ ಫೋಲ್ಡರಿನಲ್ಲೂ ಇರಲಿಲ್ಲ. ಅದರ ಹೆಸರಿನಲ್ಲಿ ಇದ್ದದ್ದು ಇನ್ನೊಂದು ಕಾರ್ಡಿನ ಸಂಗತಿ. ಎದುರಿನ ಕ್ಯಾಮೆರಾದಲ್ಲಿ ಅದೇ ದೃಶ್ಯ ಉಳಿದಿದೆ, ಆದರೆ ಅರ್ಧಕ್ಕರ್ಧ ಎದ್ದು ನಿಂತ ಸಭಿಕರ ಬೆನ್ನು.

‘ಸಾಫ್ಟ್‌ವೇರ್ ಕೈಕೊಟ್ಟಿತು’ ಎಂದು ಸ್ಟುಡಿಯೊದವರು ನೆಪ ಹೇಳಿದರು. ಅದನ್ನು ನಂಬಬೇಡಿ. ಡವಿಂಚಿ ರಿಸಾಲ್ವ್‌ನಲ್ಲಿ ಸ್ಮಾರ್ಟ್ ಬಿನ್, ಫೈನಲ್ ಕಟ್‌ನಲ್ಲಿ ಕೀವರ್ಡ್, ಪ್ರೀಮಿಯರ್‌ನಲ್ಲಿ ಸರ್ಚ್ ಬಿನ್ ಹೀಗೆ ಸಾವಿರಾರು ಕ್ಲಿಪ್‌ಗಳ ನಡುವೆ ಬೇಕಾದ್ದನ್ನು ಹುಡುಕುವ ಸೌಕರ್ಯ ಎಲ್ಲದರಲ್ಲೂ ಇದೆ. ಡಿಸ್ಕಿಗೆ ಬಾರದೇ ಹೋದ ಕ್ಲಿಪ್ಪನ್ನು ಯಾವ ಬಿನ್ನೂ ಹುಡುಕಿ ಕೊಡಲಾರದು.

ಆದ್ದರಿಂದ ವೀಳ್ಯ ಕೊಡುವ ಮೊದಲೇ ಮಾತಾಡಿಕೊಳ್ಳಿ. ಒಂದೊಂದು ಕಾರ್ಡಿಗೆ ಒಂದೊಂದು ಫೋಲ್ಡರ್ ಇರಬೇಕು, ಅದರ ಹೆಸರಿನಲ್ಲಿ ದಿನಾಂಕ, ಕ್ಯಾಮೆರಾ ಸಂಖ್ಯೆ, ಕಾರ್ಡ್ ಸಂಖ್ಯೆ ಇರಬೇಕು. ಕಾರ್ಡನ್ನು ಒಳಗಿನ ಫೋಲ್ಡರ್‌ಗಳ ಸಮೇತ ಇಡಿಯಾಗಿ ನಕಲು ಮಾಡಬೇಕು. ವಿಡಿಯೊದ ಜೊತೆ ಇರುವ ಚಿಕ್ಕ ಫೈಲುಗಳನ್ನು ಕಸವೆಂದು ಬಿಡಬಾರದು. ಫೈಲಿನ ಹೆಸರು ಬದಲಿಸುವುದಿದ್ದರೆ ಎಡಿಟಿಂಗ್ ಸಾಫ್ಟ್‌ವೇರ್‌ಗೆ ತರುವ ಮೊದಲೇ ಬದಲಿಸಬೇಕು. ತಂದ ಮೇಲೆ ಮುಟ್ಟಬಾರದು. ಮೂರೂ ಕ್ಯಾಮೆರಾಗಳ ಗಡಿಯಾರವನ್ನು ಆಟ ಶುರುವಾಗುವ ಮೊದಲು ಒಂದೇ ಸಮಯಕ್ಕೆ ಹೊಂದಿಸಲು ಹೇಳಿ, ಎರಡು ನಿಮಿಷದ ಕೆಲಸ. ಗೋಪ್ರೊ ಎಂಬ ಪುಟ್ಟ ಕ್ಯಾಮೆರಾ ಬಳಸುವುದಿದ್ದರೆ ಇನ್ನೊಂದು ತೊಡಕಿದೆ. ಉದ್ದದ ಚಿತ್ರೀಕರಣವನ್ನು ಅದು ತುಂಡು ತುಂಡಾಗಿ ಉಳಿಸುತ್ತದೆ, ತುಂಡಿನ ಸಂಖ್ಯೆ ಹೆಸರಿನಲ್ಲಿ ಮೊದಲು ಬರುತ್ತದೆ. ಜಿಎಚ್010123ರ ಮುಂದಿನ ಭಾಗ ಜಿಎಚ್020123. ಹೆಸರಿನ ಪ್ರಕಾರ ಜೋಡಿಸಿದರೆ ಇವೆರಡೂ ದೂರ ದೂರ ಹೋಗಿ ಕೂರುತ್ತವೆ.

ಕಂಪ್ಯೂಟರ್ ಗೊತ್ತಿಲ್ಲದವರೂ ಮಾಡಬಹುದಾದ ಪರೀಕ್ಷೆ ಒಂದಿದೆ. ಕಾರ್ಡನ್ನು ತೆರೆದು, ಒಳಗಿರುವುದೆಲ್ಲವನ್ನೂ ಆಯ್ದು, ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿ. ಎಷ್ಟು ಜಿಬಿ, ಎಷ್ಟು ಫೈಲು ಎಂದು ತೋರಿಸುತ್ತದೆ. ನಕಲಾದ ಫೋಲ್ಡರಿನಲ್ಲೂ ಹಾಗೆಯೇ ನೋಡಿ. ಗಾತ್ರ ಹೆಚ್ಚುಕಡಿಮೆ ಒಂದೇ ಇರಬೇಕು, ಫೈಲುಗಳ ಎಣಿಕೆ ತಾಳೆಯಾಗಬೇಕು. ಎರಡು ಡಿಸ್ಕಿನಲ್ಲಿ ತಾಳೆಯಾಗುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಲು ಬಿಡಬೇಡಿ, ಅವರಿಗೆ ಎಷ್ಟೇ ಮುಹೂರ್ತ ಇರಲಿ.

ಬಿನ್‌ಗಳಿಗೆ ಹೆಸರಿಡುವ ವಿಷಯದಲ್ಲೂ ನಾವು ಸಾಕಷ್ಟು ಒದ್ದಾಡಿದೆವು. ನಾವು ಬರೆದುಕೊಟ್ಟ ಕನ್ನಡ ಪಟ್ಟಿಯನ್ನು ಆ ಹುಡುಗರಿಗೆ ಓದಲು ಬಾರದು, ಅವರ ಮಲಯಾಳದ ಹೆಸರುಗಳು ನಮ್ಮಲ್ಲಿ ಹೆಚ್ಚಿನವರಿಗೆ ದಕ್ಕದು. ಒಬ್ಬ ಎಲ್ಲ ವೇಷಗಳನ್ನೂ ‘ಡ್ಯಾನ್ಸ್ 1, ಡ್ಯಾನ್ಸ್ 2’ ಎಂದು ಗುರುತಿಸಿದ್ದ. ಕೊನೆಗೆ ಗಡಿಯಾರದ ಹೊತ್ತನ್ನೇ ಹೆಸರಾಗಿ ಇಟ್ಟೆವು: 21.40, 02.15 ಹೀಗೆ. ಸಭೆಯಲ್ಲಿ ಕುಳಿತವರೊಬ್ಬರು ಯಾವ ವೇಷ ಎಷ್ಟು ಹೊತ್ತಿಗೆ ಬಂತು ಎಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ಕಲಾವಿದರ ಹೆಸರು ಗೊತ್ತಿಲ್ಲದ ಎಡಿಟರ್ ಕೂಡ ನೇರವಾಗಿ ಅಲ್ಲಿಗೆ ಹೋಗುತ್ತಾನೆ. ಗಡಿಯಾರಗಳನ್ನು ಹೊಂದಿಸದೆ ಇದ್ದರೆ ಈ ಉಪಾಯವೂ ನಡೆಯದು.

ನಮ್ಮ ಬಾಕಿ ಹಣದ ತಕರಾರು ಇನ್ನೂ ಇತ್ಯರ್ಥವಾಗಿಲ್ಲ, ಅದು ಬೇರೆ ಪುರಾಣ. ನೀವು ಒಪ್ಪಂದದಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಎಡಿಟ್ ಮಾಡದ ಎಲ್ಲ ಕ್ಲಿಪ್‌ಗಳ ಒಂದು ಪ್ರತಿ ಸಮಿತಿಗೆ ಸೇರಬೇಕು. ಹಾರ್ಡ್‌ಡಿಸ್ಕಿನ ಹಣವನ್ನು ಬೇರೆ ಕೇಳಿದರೆ ಚೌಕಾಸಿ ಮಾಡದೆ ಕೊಡಿ, ಅದು ನ್ಯಾಯವಾದ ಬೇಡಿಕೆ. ಆದರೆ ಡಿಸ್ಕ್ ನಿಮ್ಮ ಕೈಗೆ ಬರಬೇಕಾದದ್ದು ಆಟದ ಮಾರನೆಯ ದಿನ, ಎಡಿಟಿಂಗ್ ಮುಗಿದ ಮೇಲೆ ಅಲ್ಲ.