ಎಸ್‌ಪಿ ರೋಡಿನ ರಿಫರ್ಬಿಶ್ಡ್ ಥಿಂಕ್‌ಪ್ಯಾಡ್ ಟಿ480: ದುಡ್ಡು ಎಣಿಸುವ ಮುಂಚೆ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಲ್ಯಾಪ್‌ಟಾಪ್ ಕೇಳಿದರೆ ಲೆನೊವೊ ಥಿಂಕ್‌ಪ್ಯಾಡ್ ಟಿ480 ತೋರಿಸದ ಅಂಗಡಿ ಕಡಿಮೆ. 2018ರ ಮಾಡೆಲ್, ಹೆಚ್ಚಿನವು ಕಂಪನಿಗಳಿಂದ ಬಂದ ಮಾಲು. 8ನೇ ಜನರೇಶನ್ ಇಂಟೆಲ್ ಪ್ರೊಸೆಸರ್ ಇರುವುದಕ್ಕೆ ವಿಂಡೋಸ್ 11 ನೇರವಾಗಿ ಕೂರುತ್ತದೆ. ಅದರ ಅಣ್ಣ ಟಿ470ಕ್ಕೆ ಆ ಭಾಗ್ಯವಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಲಿನಕ್ಸ್ ಹಾಕುವವರಲ್ಲದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಟಿ470 ಬೇಡ.

ಟಿ480ರಲ್ಲಿ ರ‍್ಯಾಮ್ ಸ್ಲಾಟ್ ಎರಡೂ ಬಿಚ್ಚಿ ಹಾಕುವಂಥವು. ತೆಳ್ಳಗಿರುವ ಟಿ480ಎಸ್‌ನಲ್ಲಿ ಒಂದು ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ, ಹಿಂಬದಿಯಲ್ಲಿ ಕಳಚುವ ಬ್ಯಾಟರಿಯೂ ಇಲ್ಲ. ಎರಡನ್ನೂ ಒಂದೇ ಎಂದು ಮಾರುವವರಿದ್ದಾರೆ.

ಮೊದಲು ಸ್ಕ್ರೀನ್ ನೋಡಿ. ಬದಿಗೆ ವಾಲಿ ನೋಡಿದಾಗ ಬಣ್ಣ ಬೆಳ್ಳಗಾದರೆ ಅದು 1366x768ರ ಟಿಎನ್ ಪ್ಯಾನೆಲ್. ಫುಲ್ ಎಚ್‌ಡಿ ಐಪಿಎಸ್ (ಬದಿಯಿಂದಲೂ ಬಣ್ಣ ಕೆಡದ ಪ್ಯಾನೆಲ್) ಇರುವುದನ್ನೇ ಕೇಳಿ.

ಆಮೇಲೆ ಚಾರ್ಜರ್. ಎರಡು ಟೈಪ್-ಸಿ ಪೋರ್ಟಿಗೂ ಒಂದೊಂದಾಗಿ ಚುಚ್ಚಿ. ಈ ಮಾಡೆಲ್‌ನ ಥಂಡರ್‌ಬೋಲ್ಟ್ ಫರ್ಮ್‌ವೇರಿನಲ್ಲಿ, ಅಂದರೆ ವೇಗದ ಟೈಪ್-ಸಿ ಪೋರ್ಟನ್ನು ನಡೆಸುವ ಒಳಗಿನ ಸಾಫ್ಟ್‌ವೇರಿನಲ್ಲಿ, ಹೆಸರಾಂತ ದೋಷವೊಂದಿತ್ತು. ಲೆನೊವೊ ಅಪ್‌ಡೇಟ್ ಕೊಟ್ಟಿತು, ಆದರೆ ಅದನ್ನು ಹಾಕದೆ ವರ್ಷಗಟ್ಟಲೆ ಓಡಿಸಿದ ಮಷೀನುಗಳಲ್ಲಿ ಪೋರ್ಟ್ ಸತ್ತಿರಬಹುದು. ಎಚ್‌ಡಿಎಂಐಗೂ ಮಾನಿಟರ್ ಹಾಕಿಸಿ ನೋಡಿ.

ಆನ್ ಮಾಡುವಾಗ ಎಫ್1 ಒತ್ತಿ, ಬಯಾಸ್ ಸೆಟ್ಟಿಂಗ್ಸ್ ತೆರೆಯಬೇಕು. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿತೇ? ಅಲ್ಲಿಗೇ ಕೈಬಿಡಿ, ಲೆನೊವೊ ಪ್ರಕಾರ ಅದಕ್ಕೆ ಮದರ್‌ಬೋರ್ಡ್ ಬದಲಿಸುವುದೇ ಪರಿಹಾರ. ಆಮೇಲೆ ವಿಂಡೋಸ್ ರೀಸೆಟ್ ಮಾಡಿಸಿ, ನಿಮ್ಮ ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿ ಸೆಟಪ್ ಪೂರ್ತಿ ಮುಗಿಸಿ. ಹಳೇ ಕಂಪನಿಯ ಹೆಸರಿನ ಲಾಗಿನ್ ಪುಟ ಬಂದರೆ ಅವರಿನ್ನೂ ಅದನ್ನು ತಮ್ಮ ಮಷೀನುಗಳ ಪಟ್ಟಿಯಿಂದ ತೆಗೆದಿಲ್ಲ, ಅದೂ ಬೇಡ. ಇಂಟರ್ನೆಟ್ ಇಲ್ಲದೆ ತೋರಿಸುವ ಡೆಮೊದಲ್ಲಿ ಇದು ಕಾಣುವುದಿಲ್ಲ, ಅದಕ್ಕೇ ಹಾಟ್‌ಸ್ಪಾಟ್.

ಬ್ಯಾಟರಿ ಎರಡಿವೆ: ಒಳಗೊಂದು 24 ವ್ಯಾಟ್‌ಅವರ್, ಹಿಂದೆ ಕಳಚಬಹುದಾದ್ದೊಂದು. ಪವರ್‌ಸಿಎಫ್‌ಜಿ ಬ್ಯಾಟರಿ ರಿಪೋರ್ಟ್ (ವಿಂಡೋಸ್ ಕಮಾಂಡಿನಿಂದ ಬರುವ ಬ್ಯಾಟರಿ ವರದಿ) ತೆಗೆಸಿದರೆ ಎರಡರದ್ದೂ ಬೇರೆ ಬೇರೆ ಬರುತ್ತದೆ. ಒಳಗಿನದರ ಮೂಲ ಸಾಮರ್ಥ್ಯ ಸುಮಾರು 24,000 ಮಿಲಿವ್ಯಾಟ್‌ಅವರ್. ಈಗ ತುಂಬುವುದು 17,000ಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲೇ ಕಳೆಯಿಸಿ. ಅಂಗಡಿಯ ವಾರಂಟಿಯಲ್ಲಿ ಬ್ಯಾಟರಿ ಸೇರಿರುವುದು ಅಪರೂಪ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸದೆ ಎದ್ದು ಬರಬೇಡಿ.

ಅಷ್ಟೆಲ್ಲ ಪರೀಕ್ಷೆ ಯಾರು ಮಾಡುತ್ತಾರೆ ಎನ್ನುವವರಿಗೆ ಹೊಸದೇ ಸರಿ. ಆದರೆ ಅಗ್ಗದ ಹೊಸ ಲ್ಯಾಪ್‌ಟಾಪ್‌ನ ಅಲುಗಾಡುವ ಹಿಂಜು, ಬೆಸುಗೆ ಹಾಕಿದ 8 ಜಿಬಿ ರ‍್ಯಾಮ್ ನೋಡಿದರೆ, ಚೆನ್ನಾಗಿ ಆರಿಸಿದ ಟಿ480 ಹೆಚ್ಚು ಬಾಳುತ್ತದೆ ಎಂದೇ ನಮ್ಮ ಲೆಕ್ಕ.

ಇದರ ಬದಲು ಶೋರೂಮಿನಲ್ಲಿ ಪ್ರದರ್ಶನಕ್ಕಿಟ್ಟ ಡೆಮೊ ಪೀಸ್ ಕೊಳ್ಳುವುದಾದರೆ ಅದರ ತೊಂದರೆ ಬೇರೆ. ಹೊರಗೆ ಹೊಸದರಂತೆ ಕಂಡರೂ ದಿನವಿಡೀ ಚಾರ್ಜರಿಗೆ ಅಂಟಿಕೊಂಡೇ ಇದ್ದ ಬ್ಯಾಟರಿ ಸೊರಗಿರುತ್ತದೆ, ಒಎಲ್‌ಇಡಿ ಸ್ಕ್ರೀನಾದರೆ ಜಾಹೀರಾತಿನ ಲೋಗೋ ನೆರಳಾಗಿ ಉಳಿದಿರಬಹುದು. ಪೂರ್ತಿ ಬೂದು ಬಣ್ಣದ ಚಿತ್ರ ಹಾಕಿದರೆ ಗೊತ್ತಾಗುತ್ತದೆ. ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿಗೆ ಹಾಕಿ ವಾರಂಟಿ ಯಾವಾಗ ಶುರುವಾಗಿದೆ ನೋಡಿ. ಕಳೆದುಹೋದ ತಿಂಗಳುಗಳಿಗೂ ರಿಯಾಯಿತಿ ಕೇಳಿ.