ನ್ಯಾಷನಲ್ ರಿವ್ಯೂ ಡಿಜಿಟಲ್ ಚಂದಾ ಹೇಗಿದೆ?

ಮುಂಬೈನ ಡೊಂಬಿವ್ಲಿ ಲೋಕಲ್ ರೈಲಿನಲ್ಲಿ ಕೂರೋಕೆ ಜಾಗ ಸಿಕ್ಕರೆ ನಾನು ಓದುವುದು ಇದನ್ನೇ. ಅಮೆರಿಕದ ಬಲಪಂಥೀಯರ ವಾದ ಕೂಗಾಟವಿಲ್ಲದೆ ಬೇಕು ಅನ್ನುವವರು ಧೈರ್ಯವಾಗಿ ಚಂದಾ ಕಟ್ಟಬಹುದು. 1955ರಲ್ಲಿ ವಿಲಿಯಂ ಬಕ್ಲಿ ಶುರು ಮಾಡಿದ ಪತ್ರಿಕೆ ಇದು.

ಕೋರ್ಟ್ ತೀರ್ಪುಗಳ ಮೇಲಿನ ಬರಹಗಳೇ ಇದರ ಜೀವ. ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ ರದ್ದು ಮಾಡಿತು, ವಿಷಯ ರಾಜ್ಯಗಳ ಕೈಗೆ ಹೋಯಿತು. ಅದು ಸರಿ ಅಂತ ಇವರು ಸಂವಿಧಾನ ಹಿಡಿದು ವಾದಿಸುವುದನ್ನು ಒಪ್ಪದವರೂ ಓದಬೇಕು. ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡಬಾರದು ಅಂತ 2023ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕೇಸಿನಲ್ಲಿ ತೀರ್ಪು ಬಂತಲ್ವಾ, ಅದನ್ನು ಮಾಟುಂಗಾದ ನಮ್ಮ ಕನ್ನಡ ಗೆಳೆಯರು ಸುಮ್ನೆ ನಮ್ಮ ಮೀಸಲಾತಿಗೆ ಹೋಲಿಸುತ್ತಾರೆ, ನಾನು ಒಪ್ಪುವುದಿಲ್ಲ, ಯಾಕೆಂದರೆ ಇಲ್ಲಿ ಸಂವಿಧಾನವೇ ಮೀಸಲಾತಿಗೆ ಅವಕಾಶ ಕೊಟ್ಟಿದೆ.

2016ರಲ್ಲಿ ಟ್ರಂಪ್ ವಿರುದ್ಧವೇ ಸಂಚಿಕೆ ತಂದವರು ಇವರು. ಆ ಧೈರ್ಯ ನನಗೆ ತುಂಬಾ ಇಷ್ಟ. ಭಾರತದ ಸುದ್ದಿ ಮಾತ್ರ ಜಾಸ್ತಿ ನಿರೀಕ್ಷಿಸಬೇಡಿ. ಮಕ್ಕಳು ಅಮೆರಿಕದಲ್ಲಿ ಓದುತ್ತಿದ್ದರೆ ಖಂಡಿತ ತೆಗೆದುಕೊಳ್ಳಿ, ಫೋನಿನಲ್ಲಿ ಮಾತಾಡೋಕೆ ವಿಷಯ ಸಿಗುತ್ತದೆ.